ಮೂರು ಚುಕ್ಕಿ ಆದಮೇಲೆ ಏನಿದೆ ನೋಡಿ

ಎಐ ಕ್ಷಣದಲ್ಲಿ ಇನ್ನೂರು ಸಾಲು ಕೋಡ್ ಕಕ್ಕಿದರೆ ಜನ ಬಾಯಿ ಬಿಟ್ಟು ನೋಡುತ್ತಾರೆ. ಅದರೊಳಗೆ ನಿಜ, ಸುಳ್ಳು, ಸುಳ್ಳು, ನಿಜ ಅಂತ ನಾಲ್ಕು ಆರ್ಗ್ಯುಮೆಂಟು ಮೂಗರಂತೆ ಸಾಲಾಗಿ ನಿಂತಿದ್ದರೆ, ಯಾವುದು ಯಾತಕ್ಕೆ ಎಂದು ಒಬ್ಬರೂ ಕೇಳುವುದಿಲ್ಲ. ಇಂಥವರೂ ತಮ್ಮನ್ನು ಕೋಡಿನ ರಸಿಕರು ಎಂದುಕೊಳ್ಳುತ್ತಾರೆ!

ಫಂಕ್ಷನ್, ಅರೇ ಗೊತ್ತಿರುವವರು ಮುಂದೆ ಓದಿ.

ಯಾವ ಆರ್ಗ್ಯುಮೆಂಟು ಯಾತಕ್ಕೆ ಎಂದು ಕೇಳುವ ರುಚಿ ನನಗೆ ಹತ್ತಿದ್ದು ಸವಳಂಗದಲ್ಲಿ, ಶಿವಮೊಗ್ಗದ ಬಸ್ಸು ಕಾಯುತ್ತ ಮೊಬೈಲಿನಲ್ಲಿ ಪಿಎಚ್‌ಪಿ 8.1ರ ವಿವರ ಓದುವಾಗ. ಮೂರು ಚುಕ್ಕಿ ಹಾಕಿ ಅರೇಯನ್ನು ಆರ್ಗ್ಯುಮೆಂಟುಗಳಾಗಿ ಬಿಚ್ಚುವುದು 2014ರ 5.6ರಲ್ಲೇ ಇತ್ತು. ಆರ್ಗ್ಯುಮೆಂಟನ್ನು ಹೆಸರು ಹಿಡಿದು ಕೊಡುವುದು 2020ರ 8.0ರಲ್ಲಿ ಬಂತು. ಬಿಚ್ಚಿದ ಮೇಲೆ ಹೆಸರು ಹಿಡಿದು ಇನ್ನೊಂದನ್ನು ಸೇರಿಸಲು 2021ರ 8.1ರವರೆಗೆ ಕಾಯಬೇಕಾಯಿತು. ಈ ಭಾಷೆ ಕನ್ನಡದ ಹೆಸರುಗಳನ್ನೂ ಒಪ್ಪುತ್ತದೆ. ಒಂದು ಫಂಕ್ಷನ್ ಹೀಗಿದೆ ಎನ್ನಿ:

ಟಿಕೆಟ್($ಎಲ್ಲಿಂದ, $ಎಲ್ಲಿಗೆ, $ಜನ = 1, $ಅರ್ಧ = 0)

ಕರೆಯುವುದು ಹೀಗೆ:

ಟಿಕೆಟ್(...["ಸವಳಂಗ", "ಶಿವಮೊಗ್ಗ"], ಅರ್ಧ: 2)

ಮೊದಲೆರಡು ತಮ್ಮ ಜಾಗದಲ್ಲಿ ಕೂತವು. ‘ಜನ’ವನ್ನು ಯಾರೂ ಮುಟ್ಟಲಿಲ್ಲ, ಅದು 1 ಆಗಿಯೇ ಉಳಿಯಿತು. ‘ಅರ್ಧ’ ಮಾತ್ರ ಹೆಸರು ಹೇಳಿಕೊಂಡು ಒಳಗೆ ಬಂತು. ವಿಭಕ್ತಿ ಹತ್ತಿದ ಪದವನ್ನು ವಾಕ್ಯದಲ್ಲಿ ಎಲ್ಲಿಟ್ಟರೂ ಅದರ ಕೆಲಸ ತಿಳಿಯುವ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಅರೇಯ ಕೀಗಳೇ ‘ಎಲ್ಲಿಗೆ’, ‘ಎಲ್ಲಿಂದ’ ಆಗಿದ್ದರೆ ಅವನ್ನೂ ಹಿಂದುಮುಂದಾಗಿ ಬರೆಯಬಹುದು.

ನಿಜವಾದ ಸ್ವಾರಸ್ಯ ಪಿಎಚ್‌ಪಿ ಬೇಡ ಎನ್ನುವಲ್ಲಿದೆ. ಅದೇ ಅರೇ ಬಿಚ್ಚಿ, ಕೊನೆಗೆ ‘ಎಲ್ಲಿಗೆ: "ನ್ಯಾಮತಿ"’ ಎಂದು ಸೇರಿಸಿ ನೋಡಿ. ಶಿವಮೊಗ್ಗವನ್ನು ಸದ್ದಿಲ್ಲದೆ ಅಳಿಸಿ ನ್ಯಾಮತಿಗೆ ಟಿಕೆಟ್ ಹರಿಯುವುದಿಲ್ಲ. ಆಗಲೇ ತುಂಬಿದ ಜಾಗ ಇದು ಎಂದು ದೋಷ ಎಸೆದು ನಿಲ್ಲುತ್ತದೆ. ಮೂರು ಚುಕ್ಕಿಯಿಂದಲೇ ಎರಡು ಅರೇ ಬೆರೆಸುವಾಗ ಹೆಸರಿನ ಕೀ ಒಂದೇ ಎರಡು ಸಲ ಬಂದರೆ ಕೊನೆಯದೇ ಗೆಲ್ಲುತ್ತದೆ, ಮೊದಲಿನದು ಎಲ್ಲಿ ಹೋಯಿತೆಂದು ಹುಡುಕುತ್ತ ರಾತ್ರಿ ಕಳೆಯಬೇಕು. ಕರೆಯುವಾಗ ಆ ಸಡಿಲಿಕೆ ಇಲ್ಲ. ಹೆಸರು ಹೇಳಿದ ಮೇಲೆ ಅರೇ ಬಿಚ್ಚಲು ಹೋದರಂತೂ ಓಡುವ ಮೊದಲೇ ತಡೆ. ಪೈಥಾನ್ ಹೆಸರಿನ ಹಿಂದೆಯೂ ಬಿಚ್ಚುವ ಒಂಟಿ ನಕ್ಷತ್ರವನ್ನು ಬಿಟ್ಟುಕೊಳ್ಳುತ್ತದೆ; ಬರೆದದ್ದು ಹಿಂದೆ, ಕೂರುವುದು ಮುಂದೆ. ಅದನ್ನು ಧಾರಾಳತನ ಎಂದು ಹೊಗಳುವವರಿದ್ದಾರೆ. ನನಗೆ ಅದು ಶಿಸ್ತುಗೇಡಿತನ.

ಶಿವಮೊಗ್ಗದಲ್ಲಿ ಒಮ್ಮೆ ಕಾಲೇಜು ಹುಡುಗರಿಗೆ ತುಂಬಿದ ಜಾಗದ ಆ ದೋಷವನ್ನೇ ಪರದೆಯ ಮೇಲೆ ಬೇಕೆಂದೇ ಬರಿಸಿದ್ದೆ. ಕೆಂಪು ಅಕ್ಷರ ಕಂಡದ್ದೇ ನಗು. ಹಿಂದಿನ ಬೆಂಚಿನ ಒಬ್ಬಳು ಮಾತ್ರ, “ಸರ್, ಫಂಕ್ಷನ್‌ನಲ್ಲೇ ‘ಎಲ್ಲಿಗೆ’ ಹೆಸರು ಬದಲಾದರೆ?” ಎಂದಳು. ಆ ಹೆಸರು ಹಿಡಿದು ಕರೆದ ಸಾಲುಗಳೆಲ್ಲ ಮುರಿಯುತ್ತವೆ ಎಂದೆ. ಅವಳು ಪುಸ್ತಕ ತೆರೆದು ಬರೆದುಕೊಂಡಳು.