ಅವತಾರ, ವೇಷ, ನಿಯಮ: ವಿಡಿಯೋ ಆಟಗಳಲ್ಲಿ ‘ನಾನು’ ರೂಪುಗೊಳ್ಳುವ ಬಗೆ

ವಿಡಿಯೋ ಆಟದಲ್ಲಿ ತೊಡಗಿರುವ ಮಗು ಪರದೆಯ ಮೇಲಿನ ಆಕೃತಿ ಹಳ್ಳಕ್ಕೆ ಬಿದ್ದೊಡನೆ ‘ನಾನು ಸತ್ತೆ’ ಎನ್ನುತ್ತದೆ. ‘ಅವನು ಸತ್ತ’ ಎನ್ನುವುದಿಲ್ಲ. ಕಾದಂಬರಿಯ ಓದುಗ ನಾಯಕನ ಸಾವಿಗೆ ಕಣ್ಣೀರಿಟ್ಟರೂ ಆ ಸಾವನ್ನು ಉತ್ತಮ ಪುರುಷದಲ್ಲಿ ಹೇಳಿಕೊಳ್ಳುವುದಿಲ್ಲ. ಯಕ್ಷಗಾನದ ಕಲಾವಿದನೂ ಚೌಕಿಗೆ ಮರಳಿದ ಮೇಲೆ ‘ಇಂದು ಕರ್ಣನ ಪಾತ್ರ ಮಾಡಿದೆ’ ಎನ್ನುತ್ತಾನೆಯೇ ಹೊರತು ‘ಇಂದು ಕುರುಕ್ಷೇತ್ರದಲ್ಲಿ ಸತ್ತೆ’ ಎನ್ನುವುದಿಲ್ಲ. ಸರ್ವನಾಮದ ಈ ಸಣ್ಣ ಪಲ್ಲಟ ಆಡುಮಾತಿನ ಸಡಿಲಿಕೆಯಲ್ಲ. ಆಖ್ಯಾನದ ಒಂದು ಹೊಸ ಪ್ರಕಾರ ತನ್ನ ಸ್ವೀಕರ್ತೃವಿನೊಡನೆ ಬೆಳೆಸುವ ಸಂಬಂಧವೇ ಅದರಲ್ಲಿ ಅಡಗಿದೆ. ಈ ‘ನಾನು’ ಯಾರು, ಅದನ್ನು ಕಟ್ಟುವ ಸಾಮಗ್ರಿ ಯಾವುದು ಎಂಬುದನ್ನು ಕೆಲವು ಆಟಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಡಿಯೋ ಆಟಗಳ ಬಗೆಗಿನ ನಮ್ಮ ಸಾರ್ವಜನಿಕ ಚರ್ಚೆ ಬಹುಮಟ್ಟಿಗೆ ಎರಡು ಪದಗಳ ಸುತ್ತ ತಿರುಗುತ್ತಿದೆ: ಗೀಳು ಮತ್ತು ಹಿಂಸೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ತಂತ್ರಜ್ಞಾನದ ಅತಿಬಳಕೆಯ ಚಿಕಿತ್ಸೆಗೆಂದೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರಿಂದ ಜಾರಿಗೆ ಬಂದ ರೋಗಗಳ ವರ್ಗೀಕರಣದಲ್ಲಿ ಆಟದ ಗೀಳಿಗೂ ಸ್ಥಾನ ದೊರೆಯಿತು. ಇವೆಲ್ಲ ಅಗತ್ಯವಾದ ಕಾರ್ಯಗಳೇ. ಆದರೆ ಎಷ್ಟು ಹೊತ್ತು ಆಡಿದ ಎಂಬ ಪ್ರಶ್ನೆಯೇ ಬೇರೆ, ಏನನ್ನು ಆಡಿದ ಎಂಬ ಪ್ರಶ್ನೆಯೇ ಬೇರೆ. ಮೊದಲನೆಯದು ವೈದ್ಯನದು, ಎರಡನೆಯದು ವಿಮರ್ಶಕನದು. ಆಟವೆಂದರೆ ಮಕ್ಕಳ ಕಾಲಹರಣವೆಂದು ಕೈತೊಳೆದುಕೊಳ್ಳುವವರಿಗೆ ನಮ್ಮ ಮಹಾಕಾವ್ಯದ ನಡುವೆಯೇ ಇರುವ ದ್ಯೂತಸಭೆಯ ನೆನಪಿದ್ದರೆ ಸಾಕು.

ಚರ್ಚೆಯನ್ನು ಒಂದು ಪದದಿಂದ ಆರಂಭಿಸಬಹುದು. ಆಟದಲ್ಲಿ ಆಟಗಾರನನ್ನು ಪ್ರತಿನಿಧಿಸುವ ಆಕೃತಿಗೆ ಇಂದು ಜಗತ್ತಿನಾದ್ಯಂತ ‘ಅವತಾರ್’ ಎಂಬ ಹೆಸರಿದೆ. ಈ ಪದವನ್ನು ಆಟದ ಲೋಕಕ್ಕೆ ತಂದ ಆರಂಭದ ಕೃತಿಗಳಲ್ಲಿ 1985ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಅಲ್ಟಿಮಾ 4: ಕ್ವೆಸ್ಟ್ ಆಫ್ ದಿ ಅವತಾರ್’ ಮುಖ್ಯವಾದುದು. ಅದರ ಕರ್ತೃ ರಿಚರ್ಡ್ ಗ್ಯಾರಿಯಟ್. ಈ ಆಟದಲ್ಲಿ ಕೊನೆಗೆ ಕೊಲ್ಲಬೇಕಾದ ಖಳನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳನ್ನು ಸಾಧಿಸಿ ‘ಅವತಾರ’ ಆಗುವುದೇ ಅದರ ಗುರಿ. ಆರಂಭದಲ್ಲಿ ಕಣಿ ಹೇಳುವ ಹೆಂಗಸೊಬ್ಬಳು ಧರ್ಮಸಂಕಟದ ಪ್ರಶ್ನೆಗಳನ್ನು ಕೇಳುತ್ತಾಳೆ. ಕೊಟ್ಟ ಉತ್ತರಗಳಿಂದಲೇ ಆಟಗಾರನ ಪಾತ್ರ ನಿರ್ಧಾರವಾಗುತ್ತದೆ. ಅಂದರೆ ವೇಷವನ್ನು ಆರಿಸಿಕೊಳ್ಳುವ ಮೊದಲೇ ‘ನೀನು ಎಂಥವನು’ ಎಂಬ ವಿಚಾರಣೆ ನಡೆದಿರುತ್ತದೆ.

ಈ ಕೃತಿಯ ಅತ್ಯಂತ ಅರ್ಥಪೂರ್ಣ ಸನ್ನಿವೇಶ ಒಂದು ಅಂಗಡಿಯಲ್ಲಿದೆ. ಮಂತ್ರಕ್ಕೆ ಬೇಕಾದ ಮೂಲಿಕೆಗಳನ್ನು ಮಾರುವವಳು ಕುರುಡಿ. ಅವಳು ಬೆಲೆಯನ್ನು ಹೇಳುತ್ತಾಳೆ. ಎಷ್ಟು ನಾಣ್ಯ ಇಡಬೇಕೆಂಬುದನ್ನು ಆಟಗಾರನೇ ನಿರ್ಧರಿಸಬೇಕು. ಕಡಿಮೆ ಕೊಟ್ಟರೆ ಯಾರೂ ತಡೆಯುವುದಿಲ್ಲ, ಕಾವಲುಗಾರ ಓಡಿಬರುವುದಿಲ್ಲ, ಸರಕು ಕೈಸೇರುತ್ತದೆ. ಆದರೆ ಆಟ ಅದನ್ನು ಮರೆಯುವುದಿಲ್ಲ. ಒಳಗೊಳಗೇ ಪ್ರಾಮಾಣಿಕತೆಯ ಲೆಕ್ಕ ಇಳಿಯುತ್ತದೆ. ಆ ಲೆಕ್ಕ ಆಟಗಾರನಿಗೆ ಅಂಕಿಗಳಲ್ಲಿ ಕಾಣದು. ಕೋಟೆಯಲ್ಲಿರುವ ದಾರ್ಶನಿಕನನ್ನು ಕೇಳಿದರೆ ಸೂಚ್ಯವಾದ ಮಾತಷ್ಟೇ ಸಿಗುತ್ತದೆ. ಚಿತ್ರಗುಪ್ತನನ್ನು ಯಂತ್ರದೊಳಗೆ ಕೂರಿಸಿದ ಈ ಕಲ್ಪನೆ ಆ ಕಾಲಕ್ಕೆ ಅಸಾಧಾರಣವಾದುದು. ಯಾರೂ ನೋಡದಿದ್ದಾಗ ನಾನು ಯಾರು ಎಂಬ ಪ್ರಶ್ನೆಯನ್ನು ಅದು ಉಪದೇಶವಿಲ್ಲದೆ, ಕೇವಲ ಒಂದು ಖಾಲಿ ಜಾಗವನ್ನು ಬಿಟ್ಟು ಕೇಳುತ್ತದೆ.

ಹಾಗೆಂದು ಈ ಕೃತಿಯ ಮಿತಿಯನ್ನು ಮರೆಯಲಾಗದು. ಭಿಕ್ಷುಕನಿಗೆ ಕಾಸು ಕೊಟ್ಟರೆ ಕರುಣೆ ಏರುತ್ತದೆಂದು ತಿಳಿದ ಆಟಗಾರ ಒಬ್ಬನಿಗೇ ಹತ್ತು ಬಾರಿ ಒಂದೊಂದು ಕಾಸು ಕೊಡತೊಡಗುತ್ತಾನೆ. ಅಲ್ಲಿಗೆ ಕರುಣೆ ಪುಣ್ಯದ ಜಮಾಖರ್ಚಾಗುತ್ತದೆ. ಇನ್ನೂ ಒಂದು ತೊಡಕಿದೆ. ನಮ್ಮ ಪರಂಪರೆಯಲ್ಲಿ ಅವತಾರವೆಂದರೆ ಇಳಿದು ಬರುವುದು. ಗ್ಯಾರಿಯಟ್‌ನ ಆಟದಲ್ಲಿ ಅದು ಮನುಷ್ಯ ಮೆಟ್ಟಿಲು ಮೆಟ್ಟಿಲಾಗಿ ಏರಿ ಪಡೆಯುವ ಪದವಿ. ಪದ ನಮ್ಮದು, ಅರ್ಥ ತಲೆಕೆಳಗು. ಏರುವ ಕಲ್ಪನೆಗೆ ನಮ್ಮಲ್ಲಿ ಹತ್ತಿರವಾದುದು ಪರಮಪದ ಸೋಪಾನದ ಪಟ. ಅಲ್ಲಿಯೂ ಸದ್ಗುಣಕ್ಕೆ ಏಣಿ, ದುರ್ಗುಣಕ್ಕೆ ಹಾವು. ಆದರೆ ಅಲ್ಲಿ ದಾಳವೇ ಎಲ್ಲವನ್ನೂ ನಿರ್ಧರಿಸುವುದರಿಂದ ಹಾವಿನ ಬಾಯಿಗೆ ಬಿದ್ದವನು ತಪ್ಪಿತಸ್ಥನಲ್ಲ. ಪಟದ ಮುಂದೆ ಕುಳಿತವನು ಕರ್ಮದ ಸ್ವರೂಪವನ್ನು ನೋಡಿ ತಿಳಿಯುತ್ತಾನೆ. ಕುರುಡಿಯ ಅಂಗಡಿಯಲ್ಲಿ ನಿಂತವನು ಸ್ವತಃ ಕರ್ಮವನ್ನು ಮಾಡುತ್ತಾನೆ.

ಅವತಾರ ಎಂಬುದಕ್ಕಿಂತ ‘ವೇಷ’ ಎಂಬ ಪದವೇ ಈ ಆಕೃತಿಗೆ ಹೆಚ್ಚು ಒಪ್ಪುತ್ತದೆಂಬುದು ನನ್ನ ಅಭಿಪ್ರಾಯ. ವೇಷವನ್ನು ಕಳಚಬಹುದು, ಆದರೆ ಕಟ್ಟಿಕೊಂಡಷ್ಟು ಹೊತ್ತು ಅದು ಕಟ್ಟಿದವನ ನಡಿಗೆಯನ್ನು ಬದಲಿಸುತ್ತದೆ. ಇದಕ್ಕೆ ಪ್ರಾಯೋಗಿಕ ಆಧಾರವೂ ಇದೆ. ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎತ್ತರದ ಆಕೃತಿಯನ್ನು ಪಡೆದವರು ಹಣ ಹಂಚಿಕೊಳ್ಳುವ ಚೌಕಾಸಿಯಲ್ಲಿ ಹೆಚ್ಚು ಬಿಗಿಯಾಗಿ ವರ್ತಿಸಿದರು. ಕುಳ್ಳಗಿನ ಆಕೃತಿ ದೊರೆತವರು ಅನ್ಯಾಯದ ಪಾಲಿಗೂ ಒಪ್ಪುವ ಸಂಭವ ಹೆಚ್ಚಾಗಿತ್ತು. ಮುಂಡಾಸು ಕಟ್ಟಿದೊಡನೆ ಸೆಟೆದು ನಿಲ್ಲುವ ವೇಷಧಾರಿಯನ್ನು ಕಂಡ ನಮಗೆ ಇದು ತೀರ ಅಚ್ಚರಿಯ ಸಂಗತಿಯಲ್ಲ.

ಆದರೆ ರೂಪವೇ ಎಲ್ಲವೂ ಅಲ್ಲ. ಆಟಗಾರನ ಲೋಕದೃಷ್ಟಿಯನ್ನು ತಿದ್ದುವುದು ಚಿತ್ರಕ್ಕಿಂತಲೂ ಕಥೆಗಿಂತಲೂ ಹೆಚ್ಚಾಗಿ ನಿಯಮ. ಯಾವ ಕ್ರಿಯೆಯನ್ನು ಮತ್ತೆ ಮತ್ತೆ ಮಾಡಿಸಲಾಗುತ್ತದೆ, ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಇಯಾನ್ ಬೊಗೊಸ್ಟ್ 2007ರ ‘ಪರ್ಸುಯೇಸಿವ್ ಗೇಮ್ಸ್’ ಕೃತಿಯಲ್ಲಿ ಆಟದ ನಿಯಮಗಳೂ ವಾದವನ್ನು ಮಂಡಿಸುತ್ತವೆ ಎಂದು ತೋರಿಸಿದ್ದಾರೆ. ಅದನ್ನು ಒಪ್ಪುತ್ತಲೇ ಒಂದು ಮಾತು ಸೇರಿಸಬೇಕು: ವಾದವನ್ನು ನಾವು ನಿರಾಕರಿಸಬಹುದು, ರೂಢಿಯನ್ನು ನಿರಾಕರಿಸುವುದು ಕಷ್ಟ.

ಲ್ಯೂಕಸ್ ಪೋಪ್ 2013ರಲ್ಲಿ ರಚಿಸಿದ ‘ಪೇಪರ್ಸ್, ಪ್ಲೀಸ್’ ಇದಕ್ಕೆ ಅತ್ಯುತ್ತಮ ನಿದರ್ಶನ. 1982ರಲ್ಲಿ ನಡೆಯುವ ಈ ಆಟದಲ್ಲಿ ಆಟಗಾರ ಅರ್ಸ್ಟೋಟ್ಸ್ಕಾ ಎಂಬ ಕಲ್ಪಿತ ರಾಷ್ಟ್ರದ ಗಡಿಯಲ್ಲಿ ದಾಖಲೆ ಪರೀಕ್ಷಿಸುವ ಗುಮಾಸ್ತ. ಇಲ್ಲಿ ಗಮನಾರ್ಹವಾದುದೆಂದರೆ ಅವನಿಗೆ ಮುಖವಿಲ್ಲ, ಹೆಸರಿಲ್ಲ, ಅವತಾರವೇ ಇಲ್ಲ. ಇರುವುದು ಒಂದು ಮೇಜು, ಮುದ್ರೆ, ಗಡಿಯಾರ, ದಿನದಿನವೂ ಬೆಳೆಯುವ ನಿಯಮಾವಳಿ. ಸರಿಯಾಗಿ ಪರೀಕ್ಷಿಸಿದ ತಲೆಯೊಂದಕ್ಕೆ ಇಷ್ಟು ಎಂದು ಸಂಬಳ. ತಪ್ಪಿದರೆ ಮೊದಲು ಎಚ್ಚರಿಕೆ, ಆಮೇಲೆ ದಂಡ. ಸಂಜೆಯಾದ ಮೇಲೆ ಬಾಡಿಗೆ, ಊಟ, ಚಳಿಗೆ ಬೆಂಕಿ, ಕುಟುಂಬದವರ ಔಷಧಿ ಇವುಗಳ ನಡುವೆ ಆ ಹಣವನ್ನು ಹಂಚಬೇಕು. ಮೊದಲ ದಿನ ಕಿಂಡಿಯ ಮುಂದೆ ನಿಂತವರನ್ನು ಆಟಗಾರ ಮನುಷ್ಯರೆಂದು ನೋಡುತ್ತಾನೆ. ಕೆಲವು ದಿನಗಳಲ್ಲಿ ಅವನ ಕಣ್ಣು ಮುಖವನ್ನು ಬಿಟ್ಟು ಭಾವಚಿತ್ರಕ್ಕೂ ಮುಖಕ್ಕೂ ಇರುವ ವ್ಯತ್ಯಾಸವನ್ನು, ಊರಿನ ಹೆಸರಿನ ಅಕ್ಷರದೋಷವನ್ನು, ಅವಧಿ ಮುಗಿದ ದಿನಾಂಕವನ್ನು ಹುಡುಕತೊಡಗುತ್ತದೆ. ತಪ್ಪೊಂದು ಸಿಕ್ಕಾಗ ಅವನಿಗೆ ಆಗುವುದು ದುಃಖವಲ್ಲ, ಸಂತೋಷ. ನನಗೆ ಅತ್ಯಂತ ಕಳವಳಕಾರಿಯಾಗಿ ತೋರುವುದು ಈ ಸಂತೋಷವೇ.

ಹೀಗಿರುವಾಗ ಗಂಡನೊಬ್ಬ ಬರುತ್ತಾನೆ. ಅವನ ಕಾಗದಗಳು ಸರಿಯಾಗಿವೆ. ಹಿಂದೆ ಹೆಂಡತಿ ಬರುತ್ತಿದ್ದಾಳೆ, ದಯವಿಟ್ಟು ಕೈಬಿಡಬೇಡಿ ಎನ್ನುತ್ತಾನೆ. ಅವಳ ಬಳಿ ಪ್ರವೇಶಪತ್ರವಿಲ್ಲ. ಬಿಟ್ಟರೆ ತಪ್ಪಿನ ಚೀಟಿ ಬರುತ್ತದೆ, ಬಿಡದಿದ್ದರೆ ಏನೂ ಆಗುವುದಿಲ್ಲ. ‘ಏನೂ ಆಗುವುದಿಲ್ಲ’ ಎಂಬುದರಲ್ಲಿಯೇ ಈ ಕೃತಿಯ ತೀಕ್ಷ್ಣತೆಯಿದೆ. ಅಲ್ಟಿಮಾದಲ್ಲಿ ಕರುಣೆಗೆ ಲೆಕ್ಕವಿತ್ತು. ಇಲ್ಲಿ ಲೆಕ್ಕವಿರುವುದು ವಿಧೇಯತೆಗೆ ಮಾತ್ರ. ಲೆಕ್ಕಕ್ಕೆ ಬಾರದ ಕರುಣೆಯನ್ನು ತೋರಿದ ಆಟಗಾರನಿಗೆ ಮಾತ್ರ ಅದು ತನ್ನದೇ ಎಂದು ಹೇಳಿಕೊಳ್ಳುವ ಹಕ್ಕು ದೊರೆಯುತ್ತದೆ. ಗುಣಗಳನ್ನು ಪಟ್ಟಿ ಮಾಡಿದ 1985ರ ಆಟಕ್ಕಿಂತ ಗುಣದ ಹೆಸರನ್ನೇ ಎತ್ತದ ಈ ಆಟ ನೈತಿಕವಾಗಿ ಹಿರಿದು ಎಂದು ನಾನು ಭಾವಿಸುತ್ತೇನೆ.

ನಿಯಮವು ಅಸ್ಮಿತೆಯನ್ನು ವಿರುದ್ಧ ದಿಕ್ಕಿನಲ್ಲಿಯೂ ಕಟ್ಟಬಲ್ಲದು. ಅಮೆರಿಕದ ಭೂಸೇನೆ ಯುವಜನರನ್ನು ಸೆಳೆಯಲು 2002ರಲ್ಲಿ ಉಚಿತವಾಗಿ ಬಿಡುಗಡೆ ಮಾಡಿ, 2022ರಲ್ಲಿ ನಿಲ್ಲಿಸಿದ ‘ಅಮೆರಿಕಾಸ್ ಆರ್ಮಿ’ಯಲ್ಲಿ ಎರಡು ತಂಡಗಳು ಪರಸ್ಪರ ಕಾದುತ್ತವೆ. ಪ್ರತಿ ತಂಡಕ್ಕೂ ತಾನು ಅಮೆರಿಕದ ಸೈನಿಕರ ತಂಡವಾಗಿಯೇ ಕಾಣುತ್ತದೆ, ಎದುರಿನವರು ಶತ್ರುಗಳಾಗಿ ಕಾಣುತ್ತಾರೆ. ಅಲ್ಲಿ ಯಾರೂ ಎಂದೂ ಶತ್ರುವಿನ ವೇಷ ಕಟ್ಟಬೇಕಾಗಿಲ್ಲ. ರಾವಣನ ವೇಷಕ್ಕೂ ಕೀಚಕನ ವೇಷಕ್ಕೂ ಪಳಗಿದ ಕಲಾವಿದರನ್ನು ಬೆಳೆಸಿ, ಅವರಿಗೂ ಅರ್ಥ ಹೇಳುವ ಅವಕಾಶವನ್ನಿತ್ತ ರಂಗಪರಂಪರೆಯ ಎದುರಿಗಿಟ್ಟು ನೋಡಿದರೆ ಈ ಏರ್ಪಾಡಿನ ಬಡತನ ತಾನಾಗಿಯೇ ಗೋಚರಿಸುತ್ತದೆ.

ನಮ್ಮ ಊರುಗಳ ಜಗಲಿಗಳವರೆಗೂ ಬಂದ ಆಟವೆಂದರೆ ಪಬ್‌ಜಿ. ಭಾರತ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ಅದನ್ನು ನಿರ್ಬಂಧಿಸಿತು. 2021ರಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಅದೇ ಆಟ ಮರಳಿತು. ಈ ಆವೃತ್ತಿಯಲ್ಲಿ ನೆತ್ತರಿಗೆ ಹಸಿರು ಬಣ್ಣ ಬಳಿದು, ‘ಕೊಂದರು’ ಎಂಬಲ್ಲಿ ‘ಮುಗಿಸಿದರು’ ಎಂಬರ್ಥದ ಪದವನ್ನಿಟ್ಟರು. ಚಿತ್ರವನ್ನೂ ಪದವನ್ನೂ ಬದಲಿಸಿ ನಿಯಮವನ್ನು ಹಾಗೆಯೇ ಉಳಿಸಿದ ಈ ತಿದ್ದುಪಡಿ, ಆಟವು ಮನಸ್ಸನ್ನು ಎಲ್ಲಿ ಮುಟ್ಟುತ್ತದೆಂಬ ಬಗ್ಗೆ ನಮಗಿರುವ ತಪ್ಪು ತಿಳಿವಳಿಕೆಯ ದಾಖಲೆಯಂತಿದೆ. ಸುಮಾರು ನೂರು ಜನ ಇಳಿಯುವ, ಸುರಕ್ಷಿತ ನೆಲ ಕಿರಿದಾಗುತ್ತಲೇ ಹೋಗುವ, ಕೊನೆಗೆ ಉಳಿದವನೇ ಗೆದ್ದವನೆನ್ನುವ ಲೋಕ ಅದು. ಆದರೆ ನಿಯಮವನ್ನೇ ಓದುವುದಾದರೆ ಪೂರ್ತಿಯಾಗಿ ಓದಬೇಕು. ನಾಲ್ವರ ತಂಡದಲ್ಲಿ ಒಬ್ಬ ಗುಂಡೇಟಿಗೆ ಬಿದ್ದರೆ ಅವನು ಕೂಡಲೇ ಸಾಯುವುದಿಲ್ಲ. ನೆಲದಲ್ಲಿ ತೆವಳುತ್ತಾ ಗೆಳೆಯರನ್ನು ಕರೆಯುತ್ತಾನೆ. ಅವನನ್ನು ಎಬ್ಬಿಸಲು ಹೋದವನು ಕೆಲವು ಕ್ಷಣ ಅವನ ಪಕ್ಕದಲ್ಲಿ ಕದಲದೆ ಕೂರಬೇಕು. ಅಷ್ಟು ಹೊತ್ತು ಅವನು ಓಡಲಾರ, ಗುಂಡು ಹಾರಿಸಲಾರ. ಜಗಲಿಯ ಮೇಲೆ ಕುಳಿತ ಹುಡುಗರ ಬಾಯಲ್ಲಿ ‘ನಾನು ಬಿದ್ದೆ, ಬಾರೋ’ ಎಂಬ ಮಾತೂ ‘ತಡಿಯೋ, ಬಂದೆ’ ಎಂಬ ಮಾತೂ ಕೇಳಿಬರುವುದು ಆಗಲೇ.