ಮೊದಲು ಪೆಟ್ರೋಲಿನ ದಾರಿ, ಆಮೇಲೆ ಸ್ಕ್ರೂ

ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ವರ್ಷವಿಡೀ ಟಾರ್ಪಾಲಿನ ಕೆಳಗಿದ್ದ ಗಾಡಿಗಳು ಅದಕ್ಕೊಂದು ವಾರ ಮುಂಚೆ ಹೊರಬರುತ್ತವೆ, ಬೆನ್ನಿಗೇ ಫೋನುಗಳು ಶುರುವಾಗುತ್ತವೆ. ದೂರು ಹೆಚ್ಚುಕಡಿಮೆ ಒಂದೇ: 'ಸಾರ್, ಐದಾರು ಕಿಲೋಮೀಟರ್ ಚೆನ್ನಾಗಿ ಹೋಗುತ್ತೆ. ಆಮೇಲೆ ಮಿಸ್ಸಿಂಗ್ ಹೊಡೆದು ನಿಂತುಬಿಡುತ್ತೆ. ಕಾರ್ಬೊರೇಟರ್ ಹೋಗಿದೆ ಅಂತಾರೆ.' ಈ ವಾರ ನೀಡಲ್ ಕ್ಲಿಪ್ಪಿನ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಅದಕ್ಕಿಂತ ಈ ದೂರು ತುರ್ತಿನದು.

ಇಂಥ ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ಸೆಂದು ಗಾಳಿ ಒಳಗೆ ನುಗ್ಗಿದರೆ ಕಾರ್ಬೊರೇಟರ್ ನಿರ್ದೋಷಿ. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಧೂಳು, ತುಕ್ಕು, ಪ್ರದರ್ಶನಕ್ಕೆಂದು ತಿಕ್ಕಿದ ಪಾಲಿಶ್ ಎಲ್ಲ ಸೇರಿ ಅದು ಕಟ್ಟಿಕೊಂಡರೆ, ಪೆಟ್ರೋಲ್ ಇಳಿದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಬೆಳೆಯುತ್ತದೆ. ಹರಿವು ಸಣ್ಣದಾಗಿ ಕಾರ್ಬೊರೇಟರ್ ಬೌಲ್ ಬರಿದಾಗುತ್ತದೆ. ಹತ್ತು ನಿಮಿಷ ನಿಲ್ಲಿಸಿದರೆ ಎಲ್ಲಿಂದಲೋ ಗಾಳಿ ಜಿನುಗಿ ಗಾಡಿ ಮತ್ತೆ ಸ್ಟಾರ್ಟ್ ಆಗುತ್ತದೆ, ಆಗ 'ಬಿಸಿಯಾಗಿತ್ತು, ಈಗ ತಣ್ಣಗಾಯಿತು' ಎಂಬ ತಪ್ಪು ತೀರ್ಮಾನ ಹುಟ್ಟುತ್ತದೆ. ಮುಚ್ಚಳವನ್ನು ತೊಳೆದು, ತೂತಿಗೆ ಗಾಳಿ ಊದಿ ಒಣಗಿಸಿದರೆ ಮುಗಿಯಿತು.

ಮುಂದಿನ ನಿಲ್ದಾಣ ಪೆಟ್ರೋಲ್ ಕಾಕ್. ಎಂಜಿನ್ ತಣ್ಣಗಿರುವಾಗ ಪೈಪನ್ನು ಕಾರ್ಬೊರೇಟರ್‌ನಿಂದ ಬಿಡಿಸಿ, ಗಾಜಿನ ಬಾಟಲಿಗೆ ಹಿಡಿದು ಕಾಕ್ ತಿರುಗಿಸಿ. ಧಾರೆ ಕಡಿಯದೆ ಬೀಳಬೇಕು. ಹನಿಹನಿಯಾದರೆ ಕಾಕ್ ಮೇಲಿನ ಜಾಲರಿ ಕಟ್ಟಿದೆ. ಬಾಟಲಿಯನ್ನು ಬಿಸಿಲಿಗೆ ಎತ್ತಿ ನೋಡಿ: ತಳದಲ್ಲಿ ಬೇರೆಯೇ ಒಂದು ಪದರ, ಅದರಲ್ಲಿ ಕೆಂಪು ತುಕ್ಕಿನ ಪುಡಿ. ರಿಸರ್ವ್‌ಗೆ ತಿರುಗಿಸಿದ ತಕ್ಷಣ ಗಾಡಿ ನಿಲ್ಲುವುದು ಇದರಿಂದಲೇ. ರಿಸರ್ವ್ ಎಳೆಯುವುದು ಟ್ಯಾಂಕಿನ ತಳದಿಂದ.

ಆ ಪದರ ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಕಾಣುತ್ತಿದೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಎಥೆನಾಲ್ ತೇವ ಹೀರುತ್ತದೆ. ಮಿತಿ ಮೀರಿದಾಗ ನೀರನ್ನು ಜೊತೆಗೆ ಕರೆದುಕೊಂಡು ತಳಕ್ಕಿಳಿಯುತ್ತದೆ. ಹಳೆಯ ರಬ್ಬರ್ ಪೈಪು, ವಾಷರ್‌ಗಳನ್ನು ಊದಿಸುತ್ತದೆ. ಸಾಲದ್ದಕ್ಕೆ ಅದರಲ್ಲೇ ಆಮ್ಲಜನಕ ಇರುವುದರಿಂದ, ಅದೇ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ತೆಳು ಮಿಶ್ರಣವೆಂದರೆ ಪಿಸ್ಟನ್ ಸೀಜ್ ಆಗುವ ದಾರಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ಟ್ಯಾಂಕ್ ಮತ್ತು ಬೌಲ್ ಎರಡನ್ನೂ ಖಾಲಿ ಮಾಡಿಯೇ ನಿಲ್ಲಿಸಬೇಕು. ಯೆಜ್ಡಿಯಲ್ಲಂತೂ ಪೆಟ್ರೋಲಿಗೇ ಆಯಿಲ್ ಬೆರೆಸುವುದರಿಂದ, ಪೆಟ್ರೋಲ್ ಆವಿಯಾದ ಮೇಲೆ ಜೆಟ್‌ನೊಳಗೆ ಅಂಟು ಉಳಿಯುತ್ತದೆ.

ಆ ಅಂಟು ಬಿಡಿಸಲು ತಂತಿ ಹಾಕಿ ಚುಚ್ಚುವವರೊಂದಿಗೆ ನನ್ನದು ಹಳೆಯ ಜಗಳ. ಜೆಟ್ ಹಿತ್ತಾಳೆಯದು, ಅದರ ತೂತೇ ಅಳತೆ. ಉಕ್ಕಿನ ತಂತಿ ಒಮ್ಮೆ ಗೀರಿದರೆ ಆ ಅಳತೆ ಕೆಟ್ಟಂತೆ. ಯೆಜ್ಡಿಯ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ, ಯಮಹಾ ಆರ್‌ಎಕ್ಸ್ 100 ಬೈಕಿನ ತಯಾರಿಕೆ ನಿಂತದ್ದೂ ಅದೇ ವರ್ಷ. ಅಸಲಿ ಜೆಟ್ ಎಲ್ಲಿಂದ ತರುವುದು? ಕ್ಲೀನರ್‌ನಲ್ಲಿ ನೆನೆಸಿಡಿ, ಗಾಳಿ ಹೊಡೆಸಿ, ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗೆ, ಸ್ಪಷ್ಟವಾಗಿ ಕಾಣುವವರೆಗೆ ಮತ್ತೆ ನೆನೆಸಿ. ಇನ್ನೊಂದು ಪಂಗಡ ಹಳೆಯದನ್ನು ಬಿಚ್ಚಿ ಬಿಸಾಕಿ ಅಗ್ಗದ ಹೊಸ ಕಾರ್ಬೊರೇಟರ್ ಕೂರಿಸುತ್ತದೆ. ಅಸಲಿ ಮಿಕುನಿ ಕಾರ್ಬೊರೇಟರಿನ ಸ್ಲೈಡ್ ಸವೆದಿಲ್ಲವೆಂದಾದರೆ ಅದನ್ನು ಬಿಸಾಕುವುದು ಅಪರಾಧ.

ಇಷ್ಟಾದ ಮೇಲೂ ಗಾಡಿ ಸರಿಹೋಗದಿದ್ದರೆ ಆಕ್ಸಿಲರೇಟರ್ ಹಿಡಿಯ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿ. ತೊಂದರೆ ಎಲ್ಲಿ ಬರುತ್ತದೆಂದು ಓಡಿಸಿ ನೋಡಿ. ಐಡ್ಲಿಂಗ್‌ನಲ್ಲೇ ಆದರೆ ಪೈಲಟ್ ಜೆಟ್, ಏರ್ ಸ್ಕ್ರೂ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್. ಪೂರ್ತಿ ತಿರುವಿದಾಗ ಮಾತ್ರವಾದರೆ ಮೇನ್ ಜೆಟ್. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯದಿದ್ದರೆ ಮ್ಯಾನಿಫೋಲ್ಡ್ ರಬ್ಬರಿನಲ್ಲಿ ಬಿರುಕು ಹುಡುಕಿ.

ಇನ್ನು ಕ್ಲಿಪ್ಪಿನ ಮಾತು. ಕ್ಲಿಪ್ ಒಂದು ಗೀರು ಮೇಲೇರಿದರೆ ನೀಡಲ್ ಕೆಳಗಿಳಿದು ಮಿಶ್ರಣ ತೆಳುವಾಗುತ್ತದೆ. ರಾಬರ್ಟ್ ಪಿರ್ಸಿಗ್ 1974ರ ತನ್ನ ಮೋಟಾರ್‌ಸೈಕಲ್ ಪುಸ್ತಕದಲ್ಲಿ ಕಪ್ಪಾದ ಪ್ಲಗ್ ನೋಡಿ ಎತ್ತರದ ಪ್ರದೇಶದ ಗಾಳಿಯನ್ನು ಗುರುತಿಸುವ ಭಾಗ ನನಗೆ ಬಹಳ ಇಷ್ಟ. ಮೈಸೂರಿನಿಂದ ಊಟಿಗೆ ಹತ್ತುವವರಿಗೂ ಅದೇ ಅನುಭವ: ಗಾಳಿ ವಿರಳವಾಗಿ ಮಿಶ್ರಣ ದಪ್ಪವಾಗುತ್ತದೆ, ಪಿಕಪ್ ಸಾಯುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ. ವಾರಗಟ್ಟಲೆ ಅಲ್ಲೇ ಇರುವವರು ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿಕೊಳ್ಳಲಿ. ಆದರೆ ಘಟ್ಟ ಇಳಿದು ಗುಂಡ್ಲುಪೇಟೆಯ ನೇರ ರಸ್ತೆಯಲ್ಲಿ ಗಾಡಿ ಬಿಡುವ ಮುಂಚೆ ಅದನ್ನು ಮೊದಲಿನ ಗೀರಿಗೆ ತಂದಿರಬೇಕು. ಪಿಸ್ಟನ್ ಸೀಜ್ ಆಗುವುದು ಅಲ್ಲೇ.