‘ಕೆಗೆಲ್ ಮಾಡಿ’ ಎಂದರೆ ಸಾಲದು

ಹೆರಿಗೆಯಾಗಿ ಆಸ್ಪತ್ರೆಯಿಂದ ಹೊರಡುವ ಬಾಣಂತಿಗೆ ಸಿಗುವ ಸಲಹೆಗಳು ಹತ್ತಾರು. ಮಗುವಿಗೆ ಹಾಲು ಕುಡಿಸುವುದು ಹೇಗೆ, ಹೊಲಿಗೆ ಒಣಗಿಸಿಕೊಳ್ಳುವುದು ಹೇಗೆ, ಕಬ್ಬಿಣದ ಮಾತ್ರೆ ಎಷ್ಟು ದಿನ, ಮತ್ತೆ ತೋರಿಸಲು ಯಾವಾಗ ಬರಬೇಕು. ಈಚೆಗೆ ನಗರದ ಆಸ್ಪತ್ರೆಗಳಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿದೆ: ‘ಕೆಗೆಲ್ ಮಾಡ್ತಾ ಇರಿ.’ ಹೇಗೆ ಮಾಡಬೇಕು, ಎಷ್ಟು ತಿಂಗಳು ಮಾಡಬೇಕು, ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂದು ನೋಡುವವರು ಯಾರು? ಇದನ್ನೆಲ್ಲ ಕೇಳುವಷ್ಟರಲ್ಲಿ ಮುಂದಿನ ಹೆಸರು ಕೂಗಿ ಆಗಿರುತ್ತದೆ. ಉಳಿದದ್ದನ್ನು ಮೊಬೈಲಿನ ರೀಲ್ಸ್ ಕಲಿಸಬೇಕು.

ಈ ವ್ಯಾಯಾಮದ ಬಗ್ಗೆ ನನಗೆ ಅನುಮಾನವಿಲ್ಲ. ಹೆಂಗಸರ ಆರೋಗ್ಯಕ್ಕೆ ಸಂಬಂಧಿಸಿದ ಸಲಹೆಗಳ ಪೈಕಿ ಒಳ್ಳೆಯ ಪುರಾವೆ ಇರುವ ಕೆಲವೇ ಸಲಹೆಗಳಲ್ಲಿ ಇದೂ ಒಂದು. ಆದರೆ ಆ ಪುರಾವೆ ಕಲಿಸಿ, ಪರೀಕ್ಷಿಸಿ, ತಿಂಗಳುಗಟ್ಟಲೆ ಬೆನ್ನುಹತ್ತಿ ಮಾಡಿಸಿದ ವ್ಯಾಯಾಮಕ್ಕೆ ಸೇರಿದ್ದು. ಬಾಗಿಲಲ್ಲಿ ನಿಂತು ಹೇಳಿದ ಒಂದು ಸಾಲಿಗೂ ಅದೇ ಫಲ ಸಿಗುತ್ತದೆ ಎಂದು ನಂಬಿರುವುದೇ ನಮ್ಮಲ್ಲಿನ ದೋಷ.

ಮುಂದಿನ ಗುಹ್ಯಾಸ್ಥಿಯಿಂದ ಹಿಂದಿನ ಬಾಲಮೂಳೆಯವರೆಗೆ ಜೋಲಿಯ ಹಾಗೆ ಹರಡಿಕೊಂಡು ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಹೊತ್ತಿರುವ ಸ್ನಾಯುಗಳಿಗೆ ಶ್ರೋಣಿ ತಳದ ಸ್ನಾಯುಗಳು ಎನ್ನುತ್ತಾರೆ. ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡವನ್ನು ತಡೆದು ದಾರಿ ಮುಚ್ಚುವುದು ಇವುಗಳ ಕೆಲಸ. ಇವು ಸೋತರೆ ಮೂತ್ರ ಸೋರಬಹುದು. ಇವನ್ನು ಬಿಗಿದು ಸಡಿಲಿಸುವ ಅಭ್ಯಾಸವೇ ಕೆಗೆಲ್. ಒಂಬತ್ತು ತಿಂಗಳು ಬಸುರಿನ ಭಾರ ಹೊರುವುದೂ ಇವೇ. ಮಗುವಿನ ತಲೆ ಹೊರಬರುವಾಗ ಈ ಸ್ನಾಯುವಿನ ಒಳ ಅಂಚು ಮೊದಲಿನ ಉದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಹಿಗ್ಗಬೇಕಾಗುತ್ತದೆ ಎಂದು 2004ರಲ್ಲಿ ಅಮೆರಿಕದ ಸಂಶೋಧಕರು ಕಂಪ್ಯೂಟರ್ ಮಾದರಿಯ ಮೂಲಕ ತೋರಿಸಿದರು. ಇಕ್ಕಳ ಹಾಕಿ ಹೆರಿಗೆ ಮಾಡಿಸಿದರೆ ಸ್ನಾಯು ಮೂಳೆಯಿಂದ ಕಿತ್ತುಬರುವ ಅಪಾಯ ಇನ್ನೂ ಹೆಚ್ಚು. ಸಿಸೇರಿಯನ್ ಆದವರಿಗೆ ಈ ಎಳೆತ ತಪ್ಪುತ್ತದೆ, ಬಸುರಿನ ಭಾರ ತಪ್ಪುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ 31.5% ಸಿಸೇರಿಯನ್. ‘ನನಗೆ ಆಪರೇಷನ್ ಆಗಿದೆ, ಇದು ನನಗೆ ಬೇಕಿಲ್ಲ’ ಎಂದು ಅವರು ಕೈಬಿಡುವ ಹಾಗಿಲ್ಲ.

ವ್ಯಾಯಾಮಕ್ಕೆ ಹೆಸರು ಕೊಟ್ಟವರು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್. 1948ರಲ್ಲಿ ಪ್ರಕಟವಾದ ಅವರ ಲೇಖನ ಪ್ರಸಿದ್ಧ. ಆದರೆ ಇಂದು ಅವರ ಹೆಸರಿನಲ್ಲಿ ನಡೆಯುತ್ತಿರುವುದನ್ನು ಅವರು ಒಪ್ಪುತ್ತಿದ್ದರೇ ಎಂಬುದು ಅನುಮಾನ. ಕೆಗೆಲ್ ಮೊದಲು ಒಳಪರೀಕ್ಷೆ ಮಾಡಿ ಯಾವ ಸ್ನಾಯು ಬಿಗಿಯಬೇಕೆಂದು ತೋರಿಸುತ್ತಿದ್ದರು. ಆಮೇಲೆ ಪೆರಿನಿಯೋಮೀಟರ್ ಎಂಬ ತಮ್ಮದೇ ಉಪಕರಣ ಕೊಟ್ಟು, ಬಿಗಿದಾಗ ಮುಳ್ಳು ಎಷ್ಟು ಏರುತ್ತದೆ ಎಂದು ವ್ಯಾಯಾಮ ಮಾಡುವ ಹೆಂಗಸೇ ನೋಡಿಕೊಳ್ಳುವಂತೆ ಮಾಡುತ್ತಿದ್ದರು. ಬಾಯಿಮಾತಿನ ಸೂಚನೆ ಅವರ ಪದ್ಧತಿಯೇ ಅಲ್ಲ.

ಬಾಯಿಮಾತು ಎಷ್ಟು ದೂರ ಹೋಗುತ್ತದೆ ಎಂಬುದನ್ನು 1991ರಲ್ಲಿ ಅಮೆರಿಕದಲ್ಲೇ ಪರೀಕ್ಷಿಸಿದರು. 47 ಮಂದಿ ಹೆಂಗಸರಿಗೆ ಚುಟುಕಾಗಿ ವಿವರಿಸಿ ಮಾಡಲು ಹೇಳಿ, ಉಪಕರಣದಿಂದ ಅಳೆದು ನೋಡಿದರು. ಸರಿಯಾಗಿ ಮಾಡಿದವರು ಅರ್ಧದಷ್ಟು. ನಾಲ್ಕರಲ್ಲಿ ಒಬ್ಬರು ಮಾಡಿದ ರೀತಿ ಮೂತ್ರ ಸೋರಿಕೆಯನ್ನು ಹೆಚ್ಚಿಸಬಹುದಾದಂಥದ್ದು. ಅವರು ಮೇಲಕ್ಕೆ ಎಳೆದುಕೊಳ್ಳುವ ಬದಲು ಮುಕ್ಕಿ ಕೆಳಕ್ಕೆ ತಳ್ಳುತ್ತಿದ್ದರು. ಹಾಗೆ ಮಾಡುವವರಿಗೆ ‘ದಿನಾ ಮಾಡಿ’ ಎನ್ನುವುದು ಉಪಕಾರವಲ್ಲ.

ಕಲಿಸಿ ಮಾಡಿಸಿದರೆ ಏನಾಗುತ್ತದೆ ಎಂಬುದಕ್ಕೆ ನಾರ್ವೆಯ ಟ್ರಾಂಡ್‌ಹೈಮ್‌ನ ಅಧ್ಯಯನ ಒಳ್ಳೆಯ ಉತ್ತರ. ಚೊಚ್ಚಲ ಬಸುರಿನ 301 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 20ನೇ ವಾರದಿಂದ 36ನೇ ವಾರದ ನಡುವೆ, ಹನ್ನೆರಡು ವಾರ, ವಾರಕ್ಕೊಂದು ಗಂಟೆ ಫಿಸಿಯೋಥೆರಪಿಸ್ಟ್ ಎದುರಿನಲ್ಲಿ ತರಗತಿ. ಮನೆಯಲ್ಲಿ ದಿನಕ್ಕೆರಡು ಹೊತ್ತು ಅಭ್ಯಾಸ. ಇನ್ನೊಂದು ಗುಂಪಿಗೆ ಎಂದಿನಂತೆ ಸಿಗುವ ಮಾಹಿತಿ ಮಾತ್ರ. ಹೆರಿಗೆಯಾಗಿ ಮೂರು ತಿಂಗಳಿಗೆ ಮೂತ್ರ ಸೋರುತ್ತದೆ ಎಂದವರು ಮೊದಲ ಗುಂಪಿನಲ್ಲಿ 20%, ಎರಡನೆಯದರಲ್ಲಿ 32%. ಸ್ನಾಯು ಗಟ್ಟಿಯಾದರೆ ಹೆರಿಗೆ ಕಷ್ಟವಾಗುತ್ತದೆ ಎಂಬ ಭಯಕ್ಕೂ ಇದೇ ಅಧ್ಯಯನ ಉತ್ತರ ಕೊಟ್ಟಿತು: ಮುಕ್ಕುವ ಹಂತ ಒಂದು ಗಂಟೆ ಮೀರಿ ಎಳೆದದ್ದು ತರಬೇತಿ ಪಡೆದವರಲ್ಲೇ ಕಡಿಮೆ.

ಇಂಥ 46 ಪ್ರಯೋಗಗಳನ್ನು, ಅಂದರೆ 21 ದೇಶಗಳ 10,832 ಹೆಂಗಸರ ಮಾಹಿತಿಯನ್ನು, 2020ರ ಕಾಕ್ರೇನ್ ಸಮೀಕ್ಷೆ ಒಟ್ಟಿಗೆ ಇಟ್ಟು ನೋಡಿತು. ಸೋರಿಕೆ ಇಲ್ಲದ ಗರ್ಭಿಣಿ ಮೊದಲೇ ಶುರುಮಾಡಿದರೆ ಬಸುರಿನ ಕೊನೆಯ ತಿಂಗಳುಗಳಲ್ಲಿ ಸೋರಿಕೆಯ ಅಪಾಯ 62% ಕಡಿಮೆ, ಹೆರಿಗೆಯ ನಂತರದ 3ರಿಂದ 6 ತಿಂಗಳಲ್ಲಿ 29% ಕಡಿಮೆ. ಆಗಲೇ ಸೋರಿಕೆ ಇದ್ದ ಗರ್ಭಿಣಿ, ಬಾಣಂತಿಯರ ವಿಷಯದಲ್ಲಿ ಪುರಾವೆ ಇಷ್ಟು ಗಟ್ಟಿಯಿಲ್ಲ. ಎಂದರೆ ಹೆಚ್ಚು ಫಲ ಸಿಗುವ ಕಾಲ ಬಸುರಿನ ನಡುವಿನ ತಿಂಗಳುಗಳು. ನಾವು ಹೇಳುವುದು ಡಿಸ್ಚಾರ್ಜ್ ದಿನ.

ಈ ವ್ಯಾಯಾಮವನ್ನು ಹೊಗಳುವವರು ಬಿಟ್ಟುಬಿಡುವ ಇನ್ನೊಂದು ಸಂಗತಿಯಿದೆ. ಬ್ರಿಟನ್ ಮತ್ತು ನ್ಯೂಜಿಲೆಂಡಿನಲ್ಲಿ ಹೆರಿಗೆಯ ನಂತರ ಸೋರಿಕೆ ಇದ್ದ 747 ಮಂದಿಯ ಪೈಕಿ ಒಂದು ಗುಂಪಿಗೆ ನರ್ಸ್‌ಗಳು 5, 7 ಮತ್ತು 9ನೇ ತಿಂಗಳಲ್ಲಿ ಹೋಗಿ ಕಲಿಸಿದರು. ಒಂದು ವರ್ಷಕ್ಕೆ ಅವರಲ್ಲಿ ಗುಣ ಕಂಡಿತು. ಆರು ವರ್ಷದ ನಂತರ ವಿಚಾರಿಸಿದಾಗ ಕಲಿತವರಿಗೂ ಕಲಿಯದವರಿಗೂ ವ್ಯತ್ಯಾಸವಿರಲಿಲ್ಲ. ಹನ್ನೆರಡು ವರ್ಷಕ್ಕೂ ಅದೇ ಫಲಿತಾಂಶ. ಸ್ನಾಯು ಬಳಸಿದರೆ ಉಂಟು, ಬಿಟ್ಟರೆ ಇಲ್ಲ. ‘ಮೂರು ವಾರದಲ್ಲಿ ಮೊದಲಿನಂತೆ’ ಎಂದು ಮಾರುವವರ ಮಾತು ಇಲ್ಲೇ ಬಿದ್ದುಹೋಗುತ್ತದೆ. ಆ್ಯಪ್, ಸೆನ್ಸರ್‌ಗಳ ಮಾತೂ ಅಷ್ಟೇ. 2020ರಲ್ಲಿ ಬ್ರಿಟನ್ನಿನ 600 ಮಂದಿಯ ಅಧ್ಯಯನದಲ್ಲಿ, ಸರಿಯಾಗಿ ಕಲಿಸುವವರು ಇದ್ದಲ್ಲಿ ಉಪಕರಣ ಸೇರಿಸಿದ್ದರಿಂದ ಎರಡು ವರ್ಷದ ಕೊನೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ದುಡ್ಡು ಹಾಕಬೇಕಾದದ್ದು ಕಲಿಸುವ ಮನುಷ್ಯರ ಮೇಲೆ.

ಎಲ್ಲರಿಗೂ ಬಿಗಿಯುವುದೇ ಮದ್ದಲ್ಲ ಎಂಬುದನ್ನೂ ಹೇಳಬೇಕು. ಕೆಲವರ ಸ್ನಾಯು ಸಡಿಲವಾಗುವ ಬದಲು ಸದಾ ಬಿಗಿದುಕೊಂಡಿರುತ್ತದೆ. ಹೊಲಿಗೆಯ ನೋವು, ಗಂಡನ ಜೊತೆ ಸೇರುವಾಗಿನ ನೋವು, ಮೂತ್ರ ಸಲೀಸಾಗಿ ಹೋಗದಿರುವುದು ಇದರ ಲಕ್ಷಣಗಳಾಗಿರಬಹುದು. ಅವರಿಗೆ ಮೊದಲು ಬೇಕಾದದ್ದು ಸಡಿಲಿಸುವ ಕಲಿಕೆ. ಇನ್ನಷ್ಟು ಬಿಗಿದರೆ ನೋವು ಹೆಚ್ಚಾದೀತು. ‘ಬಿಗಿ’ ಎನ್ನುವುದನ್ನೇ ಗಂಡಸಿನ ಸುಖದ ಲೆಕ್ಕದಲ್ಲಿ ಮಾರುವ ಜಾಹೀರಾತುಗಳ ನಡುವೆ ಈ ಮಾತು ಕೇಳಿಸುವುದೇ ಇಲ್ಲ.

‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು, ಮೂಲಬಂಧ ಎಂದರೆ ಇದೇ ಅಲ್ಲವೇ’ ಎನ್ನುವವರಿದ್ದಾರೆ. ಹಠಯೋಗ ಪ್ರದೀಪಿಕೆಯಲ್ಲಿ ಮೂಲಬಂಧವೂ ಘೇರಂಡ ಸಂಹಿತೆಯಲ್ಲಿ ಅಶ್ವಿನಿ ಮುದ್ರೆಯೂ ಬರುವುದು ನಿಜ. ಮೈಸೂರಿನ ಪಟ್ಟಾಭಿ ಜೋಯಿಸರ ಅಷ್ಟಾಂಗ ಪರಂಪರೆ ಮೂಲಬಂಧಕ್ಕೆ ತುಂಬ ಒತ್ತು ಕೊಡುತ್ತದೆ. ಬಿಗಿಯುವ ಜಾಗ ಹೆಚ್ಚುಕಡಿಮೆ ಒಂದೇ. ಆದರೆ ಆ ಗ್ರಂಥಗಳ ಗುರಿ ಪ್ರಾಣ, ಅಪಾನಗಳನ್ನು ಕೂಡಿಸುವುದು. ಹೆತ್ತ ಹೆಂಗಸಿನ ಸೋರಿಕೆ ಅವುಗಳ ಚಿಂತೆಯಲ್ಲ. ಬಂಧದ ಜೊತೆಗೆ ಬರುವ ಉಸಿರು ಕಟ್ಟುವ ಅಭ್ಯಾಸ ಗರ್ಭಿಣಿಗೆ ಹೇಳಿದ್ದೂ ಅಲ್ಲ. ಯೋಗ ಬಲ್ಲವಳಿಗೆ ಇದು ಪರಿಚಿತ ಬಾಗಿಲು ಎನ್ನಬಹುದು. ಒಳಗೆ ಹೋದ ಮೇಲೆ ಸರಿತಪ್ಪು ನೋಡುವವರು ಅಲ್ಲೂ ಬೇಕು.

ನಮ್ಮ ಬಾಣಂತನವನ್ನೂ ಇದೇ ಕಣ್ಣಿನಿಂದ ನೋಡಬೇಕು. ತವರಿನಲ್ಲಿ ತಿಂಗಳುಗಟ್ಟಲೆ ವಿಶ್ರಾಂತಿ, ಭಾರ ಎತ್ತಗೊಡದಿರುವುದು ಈ ಸ್ನಾಯುಗಳಿಗೆ ದೊಡ್ಡ ಉಪಕಾರ. ಆದರೆ ‘ನೀರು ಕುಡಿದರೆ ಹೊಟ್ಟೆ ಬರುತ್ತದೆ’ ಎಂದು ನೀರಿಗೆ ಕಡಿವಾಣ ಹಾಕಿ, ಸೊಪ್ಪು ತರಕಾರಿಯನ್ನೂ ದೂರವಿಟ್ಟರೆ ಮಲಬದ್ಧತೆ ಖಂಡಿತ. ಆಗ ಮುಕ್ಕುವ ಪ್ರತಿ ಸಲವೂ ಭಾರ ಬೀಳುವುದು ಅದೇ ದಣಿದ ಸ್ನಾಯುವಿನ ಮೇಲೆ. ಹಳೆ ಸೀರೆಯಿಂದ ಹೊಟ್ಟೆಯನ್ನು ಉಸಿರುಕಟ್ಟುವಷ್ಟು ಬಿಗಿದರೆ ಒತ್ತಡ ಕೆಳಕ್ಕೆ ಇಳಿಯುತ್ತದೆ. ಹಿತವಾದ ಆಸರೆಯಷ್ಟಿದ್ದರೆ ಸಾಕು. ಇನ್ನು ಕೂಲಿಗೆ ಹೋಗಲೇಬೇಕಾದ ಹೆಂಗಸಿಗೆ ಈ ವಿಶ್ರಾಂತಿಯೇ ದಕ್ಕುವುದಿಲ್ಲ. ಅವಳು ಸೌದೆ ಹೊರೆ, ನೀರಿನ ಕೊಡಗಳಿಗೆ ಬೇಗನೆ ಮರಳುತ್ತಾಳೆ. ಮುಂದೆ ಗರ್ಭಕೋಶ ಜಾರಿದಾಗಲೂ ‘ಎರಡು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ’ ಎಂಬ ಮಾತಿನಲ್ಲಿ ಎಲ್ಲ ಮುಚ್ಚಿಹೋಗುತ್ತದೆ.

ಹಾಗಾದರೆ ಸರಿಯಾದ ಕ್ರಮ ಯಾವುದು? ಮಲಗಿ ಮೊಣಕಾಲು ಮಡಿಸಿ, ನಾಲ್ಕು ಜನರ ನಡುವೆ ಹೂಸು ತಡೆಯುವ ಹಾಗೆ ಹಿಂದಿನಿಂದ ಶುರುಮಾಡಿ, ಮೂತ್ರ ತಡೆಯುವ ಹಾಗೆ ಮುಂದಕ್ಕೆ ತಂದು, ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳಬೇಕು. ಉಸಿರು ಓಡುತ್ತಿರಬೇಕು, ತೊಡೆ, ಪೃಷ್ಠ ಬಿಗಿಯಬಾರದು. ಕೆಲವು ಸೆಕೆಂಡು ಹಿಡಿದು ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ ಒಂದು ಸಲಕ್ಕೆ ಕನಿಷ್ಠ 8, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು, ಅದೂ ತರಬೇತಿ ಪಡೆದವರ ಉಸ್ತುವಾರಿಯಲ್ಲಿ. ಕೆಮ್ಮು, ಸೀನು ಬರುವ ಮುನ್ನ ಬಿಗಿದುಕೊಳ್ಳುವುದು ಬೇಗ ಫಲ ಕೊಡುವ ಉಪಾಯ. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬಾರದು. ಹೆರಿಗೆಯ ನಂತರ ನೋವಿಲ್ಲದಷ್ಟರಲ್ಲಿ ಮೆಲ್ಲಗೆ ಶುರುಮಾಡಬಹುದು. ಮೂತ್ರದ ನಳಿಕೆ ಇದ್ದರೆ ತೆಗೆದ ಮೇಲೆ. ಮಲ ಸೋರಿದರೆ, ಕೆಳಗೆ ಏನೋ ಇಳಿದಂತಾದರೆ, ನೋವು ನಿಲ್ಲದಿದ್ದರೆ ವ್ಯಾಯಾಮ ನಂಬಿ ಕೂರದೆ ವೈದ್ಯರಿಗೆ ತೋರಿಸಬೇಕು.

ಒಟ್ಟು ತೀರ್ಮಾನ ಇಷ್ಟು: ವ್ಯಾಯಾಮ ಪಾಸಾಗಿದೆ, ಅದನ್ನು ಹೇಳಿಕೊಡುವ ನಮ್ಮ ವ್ಯವಸ್ಥೆ ಫೇಲಾಗಿದೆ. ಸೋರಿಕೆ ನಿಲ್ಲದಿದ್ದಾಗ ‘ನೀನು ಸರಿಯಾಗಿ ಮಾಡಲಿಲ್ಲ’ ಎಂದು ಬಾಣಂತಿಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಫ್ರಾನ್ಸಿನಲ್ಲಿ ಹೆರಿಗೆಯ ನಂತರದ ಈ ತರಬೇತಿಯ ಖರ್ಚನ್ನು ಸಾಮಾಜಿಕ ವಿಮೆಯೇ ಭರಿಸುತ್ತದೆ. ನಮಗೆ ಅಷ್ಟು ದೂರ ಹೋಗದೆಯೂ ದಾರಿಯಿದೆ. 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ನಾಲ್ಕು ತಿಂಗಳು ತುಂಬಿದ ಗರ್ಭಿಣಿಯರ ತಪಾಸಣೆ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಟ್ರಾಂಡ್‌ಹೈಮ್‌ನಲ್ಲಿ ಕಲಿಸಿದ್ದೂ ಇದೇ ತಿಂಗಳುಗಳಲ್ಲಿ. ಸರದಿಯಲ್ಲಿ ಕಾಯುವ ಹೊತ್ತಿನಲ್ಲೇ ತರಬೇತಾದ ನರ್ಸ್ ಒಬ್ಬರು ಗುಂಪಿಗೆ ಕಲಿಸಬಹುದು. ಹೆರಿಗೆಯ ನಂತರ ನವಜಾತ ಶಿಶುವನ್ನು ನೋಡಲು 42 ದಿನಗಳಲ್ಲಿ ಆರು ಸಲ ಮನೆಗೆ ಬರುವ ಆಶಾ ಕಾರ್ಯಕರ್ತೆ, ತಾಯಿಯನ್ನೂ ಒಂದು ಪ್ರಶ್ನೆ ಕೇಳಬಹುದು: ‘ಕೆಮ್ಮಿದರೆ ಸೋರುತ್ತಾ ಅಕ್ಕಾ?’ ಹೌದು ಎಂದವರನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಿದರೆ ಅಲ್ಲಿ ನೋಡುವ ಫಿಸಿಯೋಥೆರಪಿಸ್ಟ್ ಇರಬೇಕು. ಆರೋಗ್ಯ ಇಲಾಖೆ ಮೊದಲು ಆ ಹುದ್ದೆ ತುಂಬಲಿ. ಕೆಗೆಲ್ ಮಾಡಿ ಎಂದು ಆಮೇಲೆ ಹೇಳಲಿ.